ಚದುರಿದ ಹೊಲಗಳೂ ರೈತನ ಬೆಳೆಯೂ

(ನಮ್ಮ ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕನ್ನಡ ಪಂಡಿತನೊಬ್ಬನು ವಾರ್ಷಿಕೋತ್ಸವದ ವೇದಿಕೆಯ ಮೇಲೆ ನಿಂತನೆಂದರೆ ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ನಾಲ್ಕು ಮಾತುಗಳನ್ನಾಡುವನೆಂದು ಸಭಿಕರು ನಿರೀಕ್ಷಿಸುವುದು ಸಹಜ. ಈ ವರ್ಷ ಆ ವಾಡಿಕೆಯನ್ನು ಬಿಟ್ಟು ಹೊಲದ ವಿಷಯವನ್ನು ಎತ್ತಿಕೊಂಡಿದ್ದೇನೆ. ಕಾರಣವಿಷ್ಟೆ. ನಮ್ಮ ಕನ್ನಡ ತರಗತಿಗಳಲ್ಲಿ ಕುಳಿತುಕೊಳ್ಳುವ ಮಕ್ಕಳಲ್ಲಿ ಬಹುಮಂದಿ ಸಣ್ಣ ಹಿಡುವಳಿದಾರರ ಮಕ್ಕಳು. ಕಡಲೆಕಾಯಿ ಕೀಳುವ ಕಾಲ ಬಂದಿತೆಂದರೆ ಬೆಂಚುಗಳು ಬರಿದಾಗುತ್ತವೆ. ಹೊಲವೆಲ್ಲ ಒಂದೆಡೆ ಇರುವ ಮನೆಯ ಹುಡುಗನು ಎರಡು ಮೂರು ದಿನಗಳಲ್ಲಿ ಶಾಲೆಗೆ ಹಿಂತಿರುಗುತ್ತಾನೆ. ಹೊಲಗಳು ಮೂರು ದಿಕ್ಕಿಗೆ ಹಂಚಿಹೋಗಿರುವ ಮನೆಯ ಹುಡುಗನು ಒಂದು ಹೊಲದಿಂದ ಇನ್ನೊಂದಕ್ಕೆ ಬುತ್ತಿ ಹೊರುತ್ತ, ಕಾವಲು ಕಾಯುತ್ತ ಹತ್ತು ದಿನಗಳನ್ನು ಕಳೆಯುತ್ತಾನೆ. ಹಾಜರಿ ಪುಸ್ತಕವನ್ನು ನೋಡಿಯೇ ಯಾರ ಮನೆಯ ಭೂಮಿ ಎಷ್ಟು ಕಡೆ ಚದುರಿದೆಯೆಂಬುದನ್ನು ಉಪಾಧ್ಯಾಯನು ಊಹಿಸಬಹುದು. ಆದುದರಿಂದ ಈ ವಿಷಯವು ನನ್ನ ವೃತ್ತಿಗೆ ತೀರ ಹೊರಗಿನದೆಂದು ತಾವು ಭಾವಿಸಬಾರದು.

ಮೊದಲು ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಹಿಡುವಳಿ ಸಣ್ಣದಾಗುವುದು ಬೇರೆ, ಹಿಡುವಳಿ ಚದುರುವುದು ಬೇರೆ. ನಾಲ್ಕು ಎಕರೆ ಇದ್ದ ತಂದೆಯ ಭೂಮಿ ಇಬ್ಬರು ಮಕ್ಕಳಿಗೆ ಎರಡೆರಡು ಎಕರೆಯಾಗುವುದು ಮೊದಲನೆಯದು. ಆ ಎರಡೆಕರೆಯೂ ಒಂದೆಡೆ ಇರದೆ ಕೆರೆಯ ಕೆಳಗೆ ಕಾಲೆಕರೆ, ಊರ ಮುಂದೆ ಒಂದೆಕರೆ, ಗುಡ್ಡದ ಬುಡದಲ್ಲಿ ಮುಕ್ಕಾಲೆಕರೆ ಎಂದು ಹರಡಿಹೋಗುವುದು ಎರಡನೆಯದು. ೧೯೨೮ರಲ್ಲಿ ವರದಿಯನ್ನೊಪ್ಪಿಸಿದ ಭಾರತದ ಕೃಷಿ ಕುರಿತ ರಾಯಲ್ ಆಯೋಗವು ಈ ಎರಡನ್ನೂ ಬೇರೆ ಬೇರೆಯಾಗಿಯೇ ವಿವೇಚಿಸಿತ್ತು. ನಾವಾದರೋ ಎರಡನ್ನೂ ಕಲಸಿ, ‘ಜನ ಹೆಚ್ಚಿದರು, ಭೂಮಿ ಸಾಲದು’ ಎಂದು ನಿಟ್ಟುಸಿರಿಟ್ಟು ಸುಮ್ಮನಾಗುತ್ತೇವೆ. ಸಣ್ಣದಾಗುವುದನ್ನು ತಡೆಯುವುದು ಸುಲಭವಲ್ಲ. ದೇಶದಲ್ಲಿ ೧೯೭೦-೭೧ರಲ್ಲಿ ಸರಾಸರಿ ಹಿಡುವಳಿ ೨.೨೮ ಹೆಕ್ಟೇರು, ಅಂದರೆ ಐದೂವರೆ ಎಕರೆಗಿಂತ ಸ್ವಲ್ಪ ಹೆಚ್ಚು, ಇದ್ದದ್ದು ೨೦೧೫-೧೬ರ ಕೃಷಿ ಗಣತಿಯ ವೇಳೆಗೆ ೧.೦೮ ಹೆಕ್ಟೇರಿಗೆ ಇಳಿಯಿತು. ಆಂಧ್ರ ಪ್ರದೇಶದಲ್ಲಿ ೦.೯೪ ಹೆಕ್ಟೇರು. ಈ ಇಳಿತಕ್ಕೆ ನಮ್ಮ ಕೈಯಲ್ಲಿ ಮದ್ದಿಲ್ಲ. ಆದರೆ ಚದುರುವಿಕೆಯಲ್ಲಿ ಅರ್ಧ ಭಾಗ ಪ್ರಕೃತಿಯು ಮಾಡಿದ್ದು, ಇನ್ನರ್ಧ ನಾವೇ ಜಗಲಿಯ ಮೇಲೆ ಕುಳಿತು ಹಗ್ಗ ಹಿಡಿದು ಅಳೆದು ಮಾಡಿದ್ದು. ಈ ಎರಡನೆಯ ಅರ್ಧವನ್ನು ಕುರಿತೇ ನನ್ನ ಮಾತು.

ಪ್ರಕೃತಿಯ ಭಾಗವು ಬಹು ಹಳೆಯದು. ಮಡಕಶಿರಾ ಸೀಮೆಯ ಹೇಮಾವತಿ, ಅಂದಿನ ಹೆಂಜೇರು, ನೊಳಂಬರ ರಾಜಧಾನಿಯಾಗಿತ್ತೆಂಬುದನ್ನು ತಾವೆಲ್ಲರೂ ಬಲ್ಲಿರಿ. ಕನ್ನಡ ಶಾಸನಗಳನ್ನು ಓದಿದವರಿಗೆ ಒಂದು ಸಂಗತಿ ಪರಿಚಿತವಾಗಿಯೇ ಇರುತ್ತದೆ: ದೇವಾಲಯಕ್ಕಾಗಲಿ ವೀರನ ಕುಟುಂಬಕ್ಕಾಗಲಿ ಭೂಮಿ ಬಿಡುವಾಗ ಕೆರೆಯ ಕೆಳಗಣ ಗದ್ದೆಯನ್ನು ಬೇರೆ, ಬೆದ್ದಲನ್ನು ಬೇರೆ, ತೋಟವನ್ನು ಬೇರೆ ಹೆಸರಿಸಿ, ಒಂದೊಂದಕ್ಕೂ ಎಲ್ಲೆ ಹೇಳುವುದುಂಟು. ಒಂದು ಮನೆಯು ಬದುಕಬೇಕಾದರೆ ಅಕ್ಕಿಗೆ ಗದ್ದೆ ಬೇಕು, ರಾಗಿ ಹುರುಳಿಗಳಿಗೆ ಬೆದ್ದಲು ಬೇಕು, ದನಕ್ಕೆ ಹುಲ್ಲುಗಾವಲು ಬೇಕು. ಇವು ಒಂದೇ ಕಡೆ ಇರುವುದಿಲ್ಲವೆಂಬುದನ್ನು ಶಾಸನ ಬರೆಸಿದವರು ಅರಿತಿದ್ದರು. ಮುಂದೆ ೧೮೦೦ರಲ್ಲಿ ಈ ಸೀಮೆಯು ನಿಜಾಮನಿಂದ ಕಂಪನಿಯ ವಶಕ್ಕೆ ಬಂದು, ಥಾಮಸ್ ಮನ್ರೋ ಅವರು ೧೮೦೭ರವರೆಗೆ ಇದರ ಪ್ರಧಾನ ಕಲೆಕ್ಟರರಾಗಿದ್ದಾಗ ಹೊಲ ಹೊಲವನ್ನೂ ಅಳೆಯಿಸಿ ಹೊಲವಾರು ಕಂದಾಯ ಕಟ್ಟಿದರು. ರೈತವಾರಿ ಪದ್ಧತಿಯಲ್ಲಿ ಲೆಕ್ಕಕ್ಕೆ ಬರುವುದು ಹೊಲ. ಆ ಹೊಲಗಳನ್ನು ಒಟ್ಟುಗೂಡಿಸಿ ಬದುಕುವ ಮನೆಯಲ್ಲ. ಆ ರೂಢಿಯು ನಮ್ಮ ದಾಖಲೆಗಳಲ್ಲಿ ಈಗಲೂ ಉಳಿದಿದೆ.

ಮನುಷ್ಯನು ಮಾಡಿದ ಭಾಗವು ದಾಯಭಾಗದಿಂದ ಬಂದದ್ದು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಈಗಿನ ಬಸವಕಲ್ಯಾಣವಾದ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ಮಗನಿಗೆ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಹಕ್ಕುಂಟೆಂಬ ತತ್ತ್ವವು ಕನ್ನಡ ನೆಲದ ಆ ಗ್ರಂಥದಿಂದಲೇ ದೇಶದ ಬಹುಭಾಗಕ್ಕೆ ಹರಡಿತು. ನ್ಯಾಯವಾದ ತತ್ತ್ವ. ಆದರೆ ಸಮಪಾಲೆಂದರೆ ಸ್ವತ್ತಿನ ಬೆಲೆಯಲ್ಲಿ ಸಮವಾಗಿರಬೇಕೇ ಹೊರತು ಪ್ರತಿಯೊಂದು ಹೊಲವನ್ನೂ ಸಮವಾಗಿ ಸೀಳಲೇಬೇಕೆಂಬ ನಿಯಮವಿಲ್ಲ. ಎತ್ತಿನ ಜೋಡಿಯನ್ನು ಪಾಲು ಮಾಡುವಾಗ ಅಣ್ಣತಮ್ಮಂದಿರು ಎತ್ತನ್ನು ಸೀಳುವುದಿಲ್ಲವಷ್ಟೆ. ಹೊಲದ ಮಟ್ಟಿಗೆ ಮಾತ್ರ ಆ ವಿವೇಕ ನಮಗೆ ತೋಚುವುದಿಲ್ಲ.

ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಕೆರೆಯ ಅಚ್ಚುಕಟ್ಟಿನಲ್ಲಿ ಒಂದೆಕರೆ, ಊರ ಪಕ್ಕದ ಕೆಮ್ಮಣ್ಣಿನಲ್ಲಿ ನಾಲ್ಕೆಕರೆ, ಗುಡ್ಡದ ಬುಡದ ಗರಸು ನೆಲದಲ್ಲಿ ಮೂರೆಕರೆ. ಒಟ್ಟು ಎಂಟೆಕರೆ, ಮೂರು ತುಂಡು. ಮೂವರು ಮಕ್ಕಳು. ಯಾರಿಗೂ ಅನ್ಯಾಯವಾಗಬಾರದೆಂದು ಪಂಚರು ಮೂರು ಹೊಲವನ್ನೂ ಮೂರು ಮೂರು ಪಾಲು ಮಾಡುತ್ತಾರೆ, ಒಂಬತ್ತು ತುಂಡುಗಳಾದುವು. ಆ ಮೂವರಿಗೂ ಇಬ್ಬಿಬ್ಬರು ಗಂಡುಮಕ್ಕಳು. ಅವರೂ ಹಾಗೆಯೇ ಹಂಚಿಕೊಂಡರೆ ಹದಿನೆಂಟು. ಅಚ್ಚುಕಟ್ಟಿನ ಒಂದೆಕರೆಯಲ್ಲಿ ಒಬ್ಬೊಬ್ಬನಿಗೆ ಬಂದದ್ದು ಹದಿನಾರು ಹದಿನೇಳು ಸೆಂಟು. ಸರ್ವೆ ನಂಬರು ೧೧೨ ಇದ್ದದ್ದು ೧೧೨-೨ ಆಗಿ, ೧೧೨-೨ಬಿ ಆಗಿ, ಬಾಲ ಬೆಳೆಯುತ್ತಲೇ ಹೋಗುತ್ತದೆ. ಇದು ನಮ್ಮ ಸೀಮೆಗಷ್ಟೇ ಬಂದ ಗತಿಯಲ್ಲ. ಪುಣೆಯ ಬಳಿಯ ಪಿಂಪ್ಲೆ ಸೌದಾಗರ ಎಂಬ ಹಳ್ಳಿಯನ್ನು ಹೆರಾಲ್ಡ್ ಮ್ಯಾನ್ ಎಂಬ ಕೃಷಿವಿಜ್ಞಾನಿಗಳು ಪರಿಶೀಲಿಸಿ ೧೯೧೭ರಲ್ಲಿ ಪುಸ್ತಕ ಬರೆದಾಗ, ಅಲ್ಲಿನ ೧೫೬ ಮಂದಿ ಭೂಮಾಲೀಕರ ನೆಲವು ೭೦೦ಕ್ಕೂ ಮೀರಿದ ತುಂಡುಗಳಾಗಿತ್ತು. ಅವುಗಳಲ್ಲಿ ಬಹುಪಾಲು ಒಂದೆಕರೆಗಿಂತಲೂ ಸಣ್ಣವು.

ಇದರಿಂದ ಬೆಳೆಗೆ ಆಗುವ ನಷ್ಟವೇನು? ಮೊದಲು ನೆಲದ ನಷ್ಟವನ್ನೇ ನೋಡೋಣ. ಎಂಟನೆಯ ತರಗತಿಯ ಹುಡುಗನು ಮಾಡಬಹುದಾದ ಲೆಕ್ಕವಿದು. ಚೌಕಾಕಾರದ ಒಂದೆಕರೆಯ ಒಂದು ಪಕ್ಕವು ಸುಮಾರು ೨೦೯ ಅಡಿ. ಬದು, ಬದುವಿನ ಮೇಲಣ ಗಿಡದ ನೆರಳು, ನೇಗಿಲು ತಾಗದ ಅಂಚು ಎಲ್ಲವೂ ಸೇರಿ ನಾಲ್ಕು ಸುತ್ತಲೂ ಮೂರು ಮೂರು ಅಡಿ ವ್ಯರ್ಥವಾಗುವುದೆಂದರೆ ಹೋಗುವ ನೆಲ ಸುಮಾರು ೫.೭ ಸೆಂಟು. ಅದೇ ಎಕರೆಯನ್ನು ಉದ್ದುದ್ದವಾಗಿ ನಾಲ್ಕು ಪಟ್ಟಿ ಮಾಡಿದರೆ ಪ್ರತಿಯೊಂದಕ್ಕೂ ಸುತ್ತ ಅಂಚು ಬೇಕಾಗಿ, ಹೋಗುವುದು ಸುಮಾರು ೧೪ ಸೆಂಟು. ಮಳೆ ಹೆಚ್ಚಲಿಲ್ಲ, ಕಮ್ಮಿಯಾಗಲಿಲ್ಲ, ಹುಳು ಬೀಳಲಿಲ್ಲ. ಎಕರೆಗೆ ಎಂಟು ಸೆಂಟಿಗೂ ಮೀರಿದ ಬೆಳೆ ಹಗ್ಗದ ಅಳತೆಯಲ್ಲಿಯೇ ಹೋಯಿತು. ಐವತ್ತೆರಡು ಅಡಿ ಅಗಲದ ಪಟ್ಟಿಯಲ್ಲಿ ಟ್ರ್ಯಾಕ್ಟರು ತಿರುಗುವ ಕಷ್ಟವನ್ನು ನೋಡಿದವರಿಗೆ ಉಳಿದುದನ್ನು ನಾನು ಹೇಳಬೇಕಾಗಿಲ್ಲ. ಬಾಡಿಗೆ ಗಂಟೆಯ ಲೆಕ್ಕ; ಗಾಲಿ ಹೊಲದಲ್ಲಿ ಉರುಳಿದರೂ ದಾರಿಯಲ್ಲಿ ಉರುಳಿದರೂ ರೈತನ ಹಣವೇ.

ನೆಲದ ನಷ್ಟಕ್ಕಿಂತ ದೊಡ್ಡದು ಹದದ ನಷ್ಟ. ನಮ್ಮ ಸೀಮೆಗೆ ಬೀಳುವ ಮಳೆ ವರ್ಷಕ್ಕೆ ಸರಾಸರಿ ೫೫೦ ಮಿಲಿಮೀಟರಿನ ಆಸುಪಾಸು. ಮುಂಗಾರಿಗೆ ಪಶ್ಚಿಮ ಘಟ್ಟಗಳು ಅಡ್ಡ, ಹಿಂಗಾರಿಗೆ ಸಮುದ್ರ ದೂರ. ಕೆಮ್ಮಣ್ಣು ನೀರನ್ನು ಬಹಳ ಕಾಲ ಹಿಡಿದಿಟ್ಟುಕೊಳ್ಳುವುದಿಲ್ಲ. ಒಂದು ಒಳ್ಳೆಯ ಮಳೆಯಾದ ಮೇಲೆ ಕೂರಿಗೆ ಹೂಡಲು ತಕ್ಕ ಹದವು ಕೆಲವೇ ದಿನ ನಿಲ್ಲುವುದು. ಊರೆಲ್ಲ ಒಮ್ಮೆಗೇ ಬಿತ್ತನೆಗಿಳಿಯುವ ಆ ದಿನಗಳಲ್ಲಿ ಬಾಡಿಗೆಯ ಟ್ರ್ಯಾಕ್ಟರು ಸಿಕ್ಕುವುದೇ ಪುಣ್ಯ. ಒಂದೆಡೆ ಹೊಲವಿದ್ದವನು ಮಧ್ಯಾಹ್ನದೊಳಗೆ ಬಿತ್ತಿ ಮುಗಿಸುತ್ತಾನೆ. ಮೂರು ಕಡೆಯಿದ್ದವನು ಮೊದಲನೆಯದನ್ನು ಹದದಲ್ಲಿಯೂ ಎರಡನೆಯದನ್ನು ಅರೆಹದದಲ್ಲಿಯೂ ಬಿತ್ತಿ, ಮೂರನೆಯದಕ್ಕೆ ಮುಂದಿನ ಮಳೆಯನ್ನು ಕಾಯುತ್ತಾನೆ. ತಡವಾಗಿ ಬಿತ್ತಿದ ಕಡಲೆಕಾಯಿಗೆ (ಕಲ್ಯಾಣದುರ್ಗ ರಾಯದುರ್ಗಗಳ ಕಡೆಯವರು ಶೇಂಗಾ ಎಂದರೆ ತಾನೇ ತಿಳಿಯುವುದು) ಕಾಯಿ ಬಲಿಯುವ ಹೊತ್ತಿಗೆ ತೇವವಿರುವುದಿಲ್ಲ. ಬೀಜ ಒಂದೇ, ಗೊಬ್ಬರ ಒಂದೇ, ಬೆವರೂ ಒಂದೇ. ಫಲ ಮಾತ್ರ ಬೇರೆ.

ಗೊಬ್ಬರದ ಕಥೆಯೂ ಹೀಗೆಯೇ. ತಿಪ್ಪೆಯಿಂದ ಗಾಡಿ ಹತ್ತಿರದ ಹೊಲಕ್ಕೆ ಹೋಗುತ್ತದೆ. ದೂರದ ಹೊಲವು ವರ್ಷ ವರ್ಷವೂ ಹಸಿದಿರುತ್ತದೆ. ಹಸಿದ ಹೊಲದ ಇಳುವರಿ ಕುಗ್ಗುತ್ತದೆ. ಕುಗ್ಗಿದ ಹೊಲಕ್ಕೆ ಯಾರು ಗೊಬ್ಬರ ಹೊರುತ್ತಾರೆ? ಕಾಡುಹಂದಿಯ ಕಾವಲಿಗೆ ಒಬ್ಬನೇ ಮನುಷ್ಯನು ಒಂದೇ ರಾತ್ರಿ ಎರಡು ಹೊಲಗಳಲ್ಲಿ ಮಲಗಲಾರನು. ಇನ್ನು ಕೊಳವೆಬಾವಿ. ನೂರಾರು ಅಡಿ ಕೊರೆಯಿಸಿ, ಸಾಲ ಮಾಡಿ, ದೈವವಶಾತ್ ನೀರು ಬಿದ್ದರೂ ಅದು ಬಿದ್ದದ್ದು ಒಂದು ತುಂಡಿನಲ್ಲಿ. ಉಳಿದ ಎರಡು ತುಂಡುಗಳು ಪರರ ಹೊಲಗಳಾಚೆ ಒಣಗುತ್ತಿರುತ್ತವೆ. ಪೈಪು ಹೂಳಲು ನಡುವಣ ಹೊಲದವನ ಒಪ್ಪಿಗೆ ಬೇಕು. ಆ ನಡುವಣ ಹೊಲದವನು ಎಷ್ಟೋ ವೇಳೆ ದಾಯಾದಿಯೇ ಆಗಿರುತ್ತಾನೆ! ಹನಿ ನೀರಾವರಿಯ ಕೊಳವೆಗಳು ನಮ್ಮ ಸೀಮೆಗೆ ವರವಾಗಿಯೇ ಬಂದಿವೆ. ಆದರೆ ಅವೂ ಒಂದೆಡೆಯಿರುವ ನೆಲಕ್ಕೆ ಒಗ್ಗುವಷ್ಟು ಚೂರುಚೂರಾದ ನೆಲಕ್ಕೆ ಒಗ್ಗುವುದಿಲ್ಲ.

ಹಿಂದೂಪುರ, ಲೇಪಾಕ್ಷಿ, ಮಡಕಶಿರಾ ಕಡೆಯ ರೇಷ್ಮೆಯವರು ಇದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲರು. ನಾಲ್ಕನೆಯ ಜ್ವರ ಎದ್ದ ಮೇಲೆ ಹುಳು ತಿನ್ನುವ ಸೊಪ್ಪು ಒಟ್ಟು ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು. ಆ ವಾರದಲ್ಲಿ ಹೊತ್ತು ಹೊತ್ತಿಗೂ ಹೊಸ ಸೊಪ್ಪು ಬೇಕು; ಬಿಸಿಲಿನಲ್ಲಿ ದೂರದಿಂದ ಹೊತ್ತು ತಂದ ಸೊಪ್ಪು ಬಾಡಿರುತ್ತದೆ; ಬಾಡಿದ ಸೊಪ್ಪು ತಿಂದ ಹುಳು ಕಟ್ಟುವ ಗೂಡು ಹಗುರ. ಆದುದರಿಂದಲೇ ಬುದ್ಧಿವಂತ ರೇಷ್ಮೆ ರೈತರು ಹುಳುಮನೆಯ ಪಕ್ಕದ ತೋಟವನ್ನು ಪಾಲಿನಲ್ಲಿ ಒಡೆಯದಂತೆ ಜೋಪಾನ ಮಾಡುವುದನ್ನು ಕಾಣುತ್ತೇವೆ. ಹಿಪ್ಪುನೇರಳೆ ಕಲಿಸಿದ ಪಾಠವನ್ನು ಕಡಲೆಕಾಯಿಯ ಹೊಲಕ್ಕೆ ನಾವಿನ್ನೂ ಅನ್ವಯಿಸಿಲ್ಲ.

ಇಷ್ಟು ಹೇಳಿದ ಮೇಲೆ, ಹಾಗಾದರೆ ಹೊಲಗಳನ್ನೆಲ್ಲ ಅದಲುಬದಲು ಮಾಡಿ ಪ್ರತಿಯೊಬ್ಬನಿಗೂ ಒಂದೇ ಕಡೆ ಕೊಟ್ಟುಬಿಡಬಾರದೇ ಎಂದು ತಾವು ಕೇಳಬಹುದು. ಪಂಜಾಬಿನಲ್ಲಿ ೧೯೪೮ರ ಕಾಯಿದೆಯಿಂದಲೂ ಉತ್ತರ ಪ್ರದೇಶದಲ್ಲಿ ೧೯೫೩ರ ಕಾಯಿದೆಯಿಂದಲೂ ಈ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಪಂಜಾಬಿನ ರೈತನು ಕೊಳವೆಬಾವಿ ಟ್ರ್ಯಾಕ್ಟರುಗಳನ್ನು ಬಹು ಬೇಗ ಅಳವಡಿಸಿಕೊಳ್ಳಲು ಅದು ಸಹಾಯಕವಾಯಿತೆಂಬುದು ನಿಜ. ಆದರೆ ಅಲ್ಲಿಯದು ಮಟ್ಟಸವಾದ ಬಯಲು, ಮೆಕ್ಕಲು ಮಣ್ಣು, ಕಾಲುವೆಯ ನೀರು. ಈ ಎಕರೆಗೂ ಆ ಎಕರೆಗೂ ಹೆಚ್ಚು ಅಂತರವಿಲ್ಲ. ನಮ್ಮಲ್ಲಿ ಒಂದೇ ಊರಿನ ಎಲ್ಲೆಯೊಳಗೆ ಕೆರೆಯ ಮೆಕ್ಕಲು, ಕೆಮ್ಮಣ್ಣು, ಅಲ್ಲಲ್ಲಿ ಎರೆಮಣ್ಣು, ಗರಸು, ಬಂಡೆ ಎಲ್ಲವೂ ಇವೆ. ಮಳೆಯೂ ಸಮನಾಗಿ ಬೀಳುವುದಿಲ್ಲ. ಊರ ಪೂರ್ವಕ್ಕೆ ಸುರಿದ ಮಳೆ ಪಶ್ಚಿಮದ ಹೊಲದ ಧೂಳನ್ನೂ ತೋಯಿಸದೆ ಹೋಗುವುದನ್ನು ಕುಂದುರ್ಪಿ, ಶೆಟ್ಟೂರುಗಳ ಕಡೆಯ ಬಂಧುಗಳು ಪ್ರತಿ ವರ್ಷವೂ ಕಾಣುತ್ತಾರೆ. ಎರಡು ದಿಕ್ಕಿನಲ್ಲಿ ಹೊಲವಿರುವವನಿಗೆ ಒಂದು ಕೆಟ್ಟರೂ ಇನ್ನೊಂದು ಮನೆಯ ಕಾಳಿಗಾಗುತ್ತದೆ. ಎಲ್ಲವನ್ನೂ ಒಂದೆಡೆ ಇಟ್ಟುಕೊಂಡವನಿಗೆ ಆ ಆಸರೆಯಿಲ್ಲ.

ಇದು ರೈತನ ಮೌಢ್ಯವೆಂದು ಪಟ್ಟಣದ ಪಂಡಿತರು ಬಹುಕಾಲ ತಿಳಿದಿದ್ದರು. ಮಧ್ಯಯುಗದ ಇಂಗ್ಲೆಂಡಿನ ರೈತರು ತಮ್ಮ ನೆಲವನ್ನು ಪಟ್ಟಿಪಟ್ಟಿಯಾಗಿ ಹರಡಿಕೊಂಡಿದ್ದುದು ಬೆಳೆನಾಶದ ವಿರುದ್ಧ ಅವರು ಕಟ್ಟಿಕೊಂಡ ವಿಮೆಯೆಂದು ಮೆಕ್ಲಾಸ್ಕಿ ಎಂಬ ಅರ್ಥಶಾಸ್ತ್ರಜ್ಞರು ೧೯೭೬ರಲ್ಲಿ ವಾದಿಸಿದರು. ಆಫ್ರಿಕಾದ ಘಾನಾ, ರುವಾಂಡಾ ದೇಶಗಳ ರೈತರನ್ನು ಕುರಿತು ೧೯೯೨ರಲ್ಲಿ ಪ್ರಕಟವಾದ ಒಂದು ಅಧ್ಯಯನವೂ, ಚದುರಿದ ಹೊಲಗಳು ಅಪಾಯವನ್ನು ಹಂಚುತ್ತವೆ, ಅವುಗಳನ್ನು ಒಗ್ಗೂಡಿಸಿದ ಮಾತ್ರಕ್ಕೆ ಇಳುವರಿ ಏರುವುದೆಂದು ನಂಬಲಾಗದು ಎಂಬ ನಿರ್ಣಯಕ್ಕೆ ಬಂದಿತು. ನಮ್ಮ ಹಿರಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇಂದಿನ ಬೆಳೆವಿಮೆಯು ಸಾಮಾನ್ಯವಾಗಿ ಒಂದು ಗ್ರಾಮವನ್ನೋ ಮಂಡಲವನ್ನೋ ಘಟಕವಾಗಿ ಹಿಡಿಯುತ್ತದೆ. ನನ್ನ ಒಂದು ಹೊಲಕ್ಕೆ ಮಾತ್ರ ಮಳೆ ತಪ್ಪಿದರೆ ಅದರ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಎರಡು ದಿಕ್ಕಿನ ಹೊಲದ ಹಳೆಯ ವಿಮೆಯನ್ನು ಪೂರ್ತಿಯಾಗಿ ಬಿಟ್ಟುಕೊಡುವುದು ಜಾಣತನವಲ್ಲ.

ಆದುದರಿಂದ ನನ್ನ ಅಭಿಪ್ರಾಯವಿದು. ಮಣ್ಣು ಬೇರೆ, ನೀರು ಬೇರೆ, ದಿಕ್ಕು ಬೇರೆ ಎಂಬ ಕಾರಣದಿಂದ ಒಂದು ಮನೆಗೆ ಎರಡು ಮೂರು ಕಡೆ ಹೊಲಗಳಿರುವುದು ತಪ್ಪಲ್ಲ, ಅದು ಇರಲಿ. ಒಂದೇ ಮಣ್ಣಿನ, ಒಂದೇ ಮಳೆಯ ಹೊಲವನ್ನು ಪಾಲಿನ ಹೆಸರಿನಲ್ಲಿ ಪಟ್ಟಿ ಪಟ್ಟಿಯಾಗಿ ಸೀಳುವುದರಿಂದ ಯಾವ ವಿಮೆಯೂ ಹುಟ್ಟುವುದಿಲ್ಲ. ಅಣ್ಣನ ಪಟ್ಟಿಗೆ ತಪ್ಪಿದ ಮಳೆ ತಮ್ಮನ ಪಟ್ಟಿಗೂ ತಪ್ಪುತ್ತದೆ. ಅಲ್ಲಿ ಉಳಿಯುವುದು ಬದುವಿನ ನಷ್ಟ ಮತ್ತು ಬದುವಿನ ಜಗಳ.

ಕಾನೂನು ಇದನ್ನು ತಡೆಯಬಹುದೆಂದು ಕೆಲವರು ನಂಬಿದ್ದರು. ಮುಂಬಯಿ ಪ್ರಾಂತದಲ್ಲಿ ೧೯೪೭ರಲ್ಲಿಯೂ ಮೈಸೂರು ರಾಜ್ಯದಲ್ಲಿ ೧೯೬೬ರಲ್ಲಿಯೂ ತುಂಡುಭೂಮಿಯನ್ನು ತಡೆಯುವ ಕಾಯಿದೆಗಳಾದುವು. ಮೈಸೂರಿನದನ್ನು ಮುಂದೆ ಹಿಂತೆಗೆದುಕೊಳ್ಳಲಾಯಿತು. ಕಾಗದದಲ್ಲಿ ಒಡೆಯಬಾರದೆಂದರೆ ಜನರು ಬಾಯಿಮಾತಿನಲ್ಲಿ ಒಡೆಯುತ್ತಾರೆ. ಹೊಲದಲ್ಲಿ ನಾಲ್ಕು ಬದು, ದಾಖಲೆಯಲ್ಲಿ ತೀರಿಹೋದ ತಾತನ ಹೆಸರು. ಆ ಹೆಸರಿನ ಮೇಲೆ ಬ್ಯಾಂಕು ಸಾಲ ಕೊಡುವುದಿಲ್ಲ, ಪರಿಹಾರವೂ ಬರುವುದಿಲ್ಲ. ಹೀಗಾಗಿ ಮದ್ದು ಕಾನೂನಿಗಿಂತ ಮನೆಯಲ್ಲಿಯೇ ಹೆಚ್ಚಾಗಿ ಇದೆ.

ನಮ್ಮ ಕಲ್ಪನೆಯ ಮನೆಗೇ ಹಿಂತಿರುಗೋಣ. ಮೂವರು ಅಣ್ಣತಮ್ಮಂದಿರು ಮೂರು ಹೊಲಗಳಿಗೂ ಬೆಲೆ ಕಟ್ಟಲಿ. ಅಚ್ಚುಕಟ್ಟಿನ ಎಕರೆಯನ್ನು ಒಬ್ಬನು ಇಡಿಯಾಗಿ ತೆಗೆದುಕೊಂಡು, ಅದಕ್ಕೆ ಬದಲಾಗಿ ಬೆದ್ದಲಿನಲ್ಲಿ ಕಡಿಮೆ ಪಾಲು ಹಿಡಿಯಲಿ. ಬೆಲೆ ಸರಿಹೋಗದಿದ್ದರೆ ವ್ಯತ್ಯಾಸವನ್ನು ಹಣವಾಗಿಯೋ ಕೆಲವು ವರ್ಷಗಳವರೆಗೆ ಕಾಳಾಗಿಯೋ ಸಲ್ಲಿಸುವುದೆಂದು ವಿಭಾಗಪತ್ರದಲ್ಲಿ, ಅಂದರೆ ಹಳಬರ ಪಾರೀಕತ್ತಿನಲ್ಲಿ, ಬರೆಯಿಸಲಿ. ಕೊಳವೆಬಾವಿಯಿದ್ದರೆ ನೀರಿನ ಸರದಿಯನ್ನೂ ಪೈಪು ಹಾಯುವ ದಾರಿಯನ್ನೂ ಗಾಡಿಯ ಹಾದಿಯನ್ನೂ ಅದೇ ಪತ್ರದಲ್ಲಿ ನಮೂದಿಸಲಿ. ಹಾದಿಯನ್ನು ಬರೆಯದೆ ಬಿಟ್ಟ ಪತ್ರಗಳಿಂದ ಎಷ್ಟು ವ್ಯಾಜ್ಯಗಳು ಹುಟ್ಟಿವೆಯೆಂಬುದನ್ನು ವಕೀಲರನ್ನು ಕೇಳಬೇಕು. ಈಗಾಗಲೇ ಒಡೆದುಹೋಗಿರುವ ಪಟ್ಟಿಗಳಿಗೆ ವಿನಿಮಯವೆಂಬ ಮಾರ್ಗವಿದೆ. ೧೮೮೨ರ ಸ್ವತ್ತು ವರ್ಗಾವಣೆ ಕಾಯಿದೆಯೇ ವಿನಿಮಯವನ್ನು ಮನ್ನಿಸಿದೆ. ‘ನಿನ್ನ ಪಟ್ಟಿ ನನಗೆ, ನನ್ನ ಪಟ್ಟಿ ನಿನಗೆ’ ಎಂದು ಅರಳೀಕಟ್ಟೆಯಲ್ಲಿ ಆಡಿದ ಮಾತು ಮಾತ್ರ ಸಾಲದು. ಮಕ್ಕಳ ಕಾಲಕ್ಕೆ ಅದನ್ನು ನೆನೆಯುವವರಿರುವುದಿಲ್ಲ. ರಿಜಿಸ್ಟರ್ ಮಾಡಿಸಬೇಕು. ಖರ್ಚು ಬರುವುದು ನಿಜ. ಆದರೆ ಪ್ರತಿ ವರ್ಷ ಎಕರೆಗೆ ಎಂಟು ಸೆಂಟು ಕಳೆದುಕೊಳ್ಳುವುದೂ ಖರ್ಚೇ. ಇದಾವುದೂ ಆಗದಿದ್ದರೆ, ಬದುಗಳನ್ನು ತೆಗೆದು ಒಟ್ಟಾಗಿ ಉತ್ತು ಬಿತ್ತಿ ಕಣದಲ್ಲಿ ಪಾಲು ಮಾಡಿಕೊಳ್ಳುವುದಕ್ಕೆ ಯಾವ ಕಾಯಿದೆಯ ಅಡ್ಡಿಯೂ ಇಲ್ಲ. ಅಡ್ಡಿಯಿರುವುದು ಒಂದೇ ಕಡೆ. ಅದನ್ನು ನಾನು ಹೇಳಬೇಕಾಗಿಲ್ಲ.

ಇಲ್ಲಿ ಇನ್ನೊಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಹೆಣ್ಣುಮಕ್ಕಳಿಗೆ ಪಾಲು ಕೊಟ್ಟುದರಿಂದ ಭೂಮಿ ಚೂರಾಯಿತೆಂಬ ಆಕ್ಷೇಪಣೆಯು ನಮ್ಮ ಊರುಗಳಲ್ಲಿ ಕೇಳಿಬರುತ್ತದೆ. ಪಿತ್ರಾರ್ಜಿತದಲ್ಲಿ ಮಗಳಿಗೂ ಸಮಾನ ಹಕ್ಕು ಆಂಧ್ರದಲ್ಲಿ ೧೯೮೫ರ ಸೆಪ್ಟೆಂಬರಿನಿಂದ ಬಂದಿತು. ಆಗಿನ ಮುಖ್ಯಮಂತ್ರಿಗಳಾಗಿದ್ದ ಎನ್. ಟಿ. ರಾಮರಾಯರು ಅದೇ ವರ್ಷ ನಮ್ಮ ಹಿಂದೂಪುರ ಕ್ಷೇತ್ರದಿಂದಲೇ ವಿಧಾನಸಭೆಗೆ ಆಯ್ಕೆಯಾಗಿದ್ದವರು. ಕರ್ನಾಟಕದಲ್ಲಿ ೧೯೯೪ರಲ್ಲಿ, ದೇಶಕ್ಕೆಲ್ಲ ೨೦೦೫ರಲ್ಲಿ ಅಂತಹ ಹಕ್ಕು ದೊರೆಯಿತು. ಪಿಂಪ್ಲೆ ಸೌದಾಗರದ ನೆಲ ಚೂರಾಗಿದ್ದುದು ಅದಕ್ಕೆಲ್ಲ ಎಷ್ಟೋ ಮೊದಲು, ಗಂಡುಮಕ್ಕಳ ಕೈಯಲ್ಲಿಯೇ. ಬೆಲೆ ಕಟ್ಟಿ ಪಾಲು ಹಂಚುವ ಪದ್ಧತಿಯಿದ್ದರೆ ಮಗಳ ಪಾಲಿಗೂ ಹೊಲವನ್ನು ಸೀಳಬೇಕಾಗಿಲ್ಲ. ಸಹಿ ಹಾಕಿಸಿಕೊಂಡು ಸೀರೆ ಕೊಟ್ಟು ಕಳುಹಿಸಬೇಕಾಗಿಯೂ ಇಲ್ಲ.

ಕೊನೆಯದಾಗಿ, ಗಡಿಯವರಾದ ನಮಗೇ ವಿಶೇಷವಾದ ಒಂದು ತೊಡಕಿದೆ. ನಮ್ಮಲ್ಲಿ ಹಲವು ಮನೆಗಳ ಹೊಲಗಳು ಎರಡು ಹಳ್ಳಿಗಳಲ್ಲಿ ಮಾತ್ರವಲ್ಲ, ಎರಡು ರಾಜ್ಯಗಳಲ್ಲಿ ಚದುರಿವೆ. ೧೯೫೩ರಲ್ಲಿ, ಮತ್ತೆ ೧೯೫೬ರಲ್ಲಿ, ಗೆರೆಗಳನ್ನು ಎಳೆದವರು ಹೊಲದ ಬದುಗಳನ್ನು ನೋಡಿ ಎಳೆಯಲಿಲ್ಲ. ಪಾವಗಡ, ಮಧುಗಿರಿ, ಗೌರಿಬಿದನೂರುಗಳ ಕಡೆ ಇರುವ ತುಂಡಿಗೆ ಪಹಣಿ, ಕನ್ನಡದಲ್ಲಿ, ಗುಂಟೆಯ ಲೆಕ್ಕ. ಈಚೆಗಿರುವುದಕ್ಕೆ ಅಡಂಗಲ್ಲು ಮತ್ತು ಪಟ್ಟಾದಾರ್ ಪಾಸ್‌ಪುಸ್ತಕ, ತೆಲುಗಿನಲ್ಲಿ, ಸೆಂಟಿನ ಲೆಕ್ಕ. ಒಂದು ಗುಂಟೆಗೆ ಎರಡೂವರೆ ಸೆಂಟೆಂಬುದು ಗೊತ್ತಿಲ್ಲದೆ ಪಾಲಿನಲ್ಲಿ ಮೋಸಹೋದವರುಂಟು. ಕನ್ನಡವನ್ನು ಮಾತ್ರ ಓದಬಲ್ಲ ನಮ್ಮ ತಾಯಂದಿರೂ ಹಿರಿಯರೂ ತಮ್ಮ ಪಾಸ್‌ಪುಸ್ತಕದಲ್ಲಿ ಬರೆದಿರುವ ಹೆಸರು, ನಂಬರು, ವಿಸ್ತೀರ್ಣಗಳು ಸರಿಯೇ ತಪ್ಪೇ ಎಂದು ತಾವೇ ನೋಡಲಾರರು. ೨೦೨೦ರ ಡಿಸೆಂಬರಿನಲ್ಲಿ ಆಂಧ್ರದಲ್ಲಿ ಭೂಮಿಯ ಮರು ಸರ್ವೆ ಆರಂಭವಾದ ಮೇಲೆ, ಸರ್ವೆ ಮುಗಿದ ಊರುಗಳಲ್ಲಿ ಹಳೆಯ ನಂಬರುಗಳ ಸ್ಥಾನದಲ್ಲಿ ಹೊಸ ನಂಬರುಗಳು ಬಂದಿವೆ. ಬಾಯಿಮಾತಿನಲ್ಲಿ ಒಡೆದು, ಬಾಯಿಮಾತಿನಲ್ಲಿ ಅದಲುಬದಲಾದ ತುಂಡುಗಳು ಇಂತಹ ಹೊತ್ತಿನಲ್ಲಿ ಯಾರ ಹೆಸರಿಗೆ ಬೀಳುವುವೋ ಎಂಬ ಭಯ ನಿರಾಧಾರವಲ್ಲ.

ಆದುದರಿಂದ ಸಂಘದ ಕಾರ್ಯಕರ್ತರೊಡನೆ ಮಾತನಾಡಿ ಒಂದು ಏರ್ಪಾಡು ಮಾಡಿದ್ದೇವೆ. ಪ್ರತಿ ಭಾನುವಾರ ಮಧ್ಯಾಹ್ನ ಮೂರರಿಂದ ಐದು ಗಂಟೆಯವರೆಗೆ ಸಂಘದ ವಾಚನಾಲಯದಲ್ಲಿ, ಎರಡು ಲಿಪಿಗಳನ್ನೂ ಬಲ್ಲ ನಾವು ಮೂವರು ಉಪಾಧ್ಯಾಯರು ಕುಳಿತಿರುತ್ತೇವೆ. ತಮ್ಮ ಪಾಸ್‌ಪುಸ್ತಕವನ್ನು ತಂದವರಿಗೆ ಅದರಲ್ಲಿರುವುದನ್ನೆಲ್ಲ ಕನ್ನಡದಲ್ಲಿ ಬರೆದುಕೊಡುತ್ತೇವೆ. ಗುಂಟೆ ಸೆಂಟುಗಳನ್ನು ಪಕ್ಕಪಕ್ಕದಲ್ಲಿ ಲೆಕ್ಕ ಹಾಕಿ, ಮನೆಯ ಹೊಲಗಳ ಒಂದು ಒರಟು ನಕ್ಷೆಯನ್ನೂ ಬರೆಯುತ್ತೇವೆ. ಮನೆಯಲ್ಲಿ ಪಾಲಿನ ಮಾತು ನಡೆಯುತ್ತಿರುವವರು ಹಗ್ಗ ಹಿಡಿಯುವ ಮೊದಲೇ ಬಂದರೆ ಉತ್ತಮ. ಬರುವಾಗ ಹಳೆಯ ಪಾರೀಕತ್ತು ಇದ್ದರೆ ಅದನ್ನೂ, ಆಚೆಯ ರಾಜ್ಯದಲ್ಲಿ ಭೂಮಿಯಿದ್ದರೆ ಅದರ ಪಹಣಿಯನ್ನೂ ಜೊತೆಯಲ್ಲಿ ತರತಕ್ಕದ್ದು.